ಕುರುಡು ಬಟನ್ನು, ಬೆಳ್ಳಿ ಅಕ್ಷರ ಮತ್ತು ನಮ್ಮ ಮನೆಯ ಚಡಾವು

ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳಲು ಹೊರಟವರಿಗೆ ಹೀಗೆಲ್ಲ ಆಗುತ್ತಲೇ ಇರುತ್ತದೆ. ಕೊಳ್ಳಲು ಹೊರಟವಳು ಹೆಂಗಸಾದರೆ ವಾರಕ್ಕೆ ಎರಡು ಸಲ ಆಗುತ್ತದೆ.

ನಾನು ಪುತ್ತೂರಿನ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಹದಿನಾಲ್ಕು ವರ್ಷದಿಂದ ಕೌಂಟರಿನಲ್ಲಿದ್ದೇನೆ. ಚಾಸಿಸ್ ನಂಬರ್ ನೋಡಿದರೆ ಸಾಕು, ಗಾಡಿಯ ಜಾತಕ ಹೇಳಿಬಿಡುತ್ತೇನೆ. ಮನೆ ಇರುವುದು ಗುತ್ತಿಗಾರಿನ ಗುಡ್ಡೆಯ ಮೇಲೆ. ಮಳೆಗಾಲದಲ್ಲಿ ಆಟೋದವರು ಚಡಾವಿನ, ಅಂದರೆ ಆ ಕಡಿದಾದ ಏರುದಾರಿಯ, ಬುಡದಲ್ಲೇ ಇಳಿಸಿ ಹೋಗುತ್ತಾರೆ. ಅಲ್ಲಿಂದ ಮೇಲೆ ಅಕ್ಕಿಯನ್ನು ನಾನು ಹೊರಬೇಕು, ಗ್ಯಾಸ್ ಸಿಲಿಂಡರನ್ನು ಗಂಡ ಹೊರಬೇಕು. ಸಾಕಾಯಿತು. ನಾಲ್ಕು ಚಕ್ರಕ್ಕೂ ಎಳೆತ ಇರುವ, ದೊಡ್ಡ ಡೀಸೆಲ್ ಎಂಜಿನ್ನಿನ ಒಂದು ಹಳೆಯ ಎಸ್‌ಯುವಿ ನಾನೇ ಕೊಳ್ಳುತ್ತೇನೆ ಅಂದೆ. "ನಿನಗೆ ಬೇಕಾದದ್ದು ತಗೋ" ಅಂದರು ಗಂಡ. ಪಾಪ, ಅವರಿಗೆ ಬೈಕು ಬಿಟ್ಟರೆ ಬೇರೆ ಗೊತ್ತಿಲ್ಲ.

ಆದರೆ ಅಕ್ಕನ ಗಂಡ, ಭಾವ, ಬಿಡಬೇಕಲ್ಲ! "ಗಾಡಿ ನೋಡುದು ಹೆಂಗಸರ ಕೆಲಸ ಅಲ್ಲ ಮಾರಾಯ್ತಿ. ನೀನು ಆರಿಸಿದ್ದು ಆ ಚಡಾವು ಹತ್ತದಿದ್ರೆ ಕೀ ನನ್ನ ಕೈಗೆ. ಮತ್ತೆ ಅದನ್ನು ಓಡಿಸುದು, ಮಾರುದು ಎಲ್ಲ ನಾನೇ. ಒಪ್ಪಿಗೆಯಾ?"

"ಒಪ್ಪಿಗೆ" ಅಂದೆ. ಸಿಟ್ಟಲ್ಲೇ ಅಂದದ್ದು, ಆದರೆ ಅಂದದ್ದು ಅಂದದ್ದೇ.

ಕಳವಾದ ವೈಪರ್

ಗಂಡಸರು ಹೇಗೆ ನೋಡಿ ಕೊಳ್ಳುತ್ತಾರೆ ಅಂತ ನನಗೆ ಗೊತ್ತಿಲ್ವಾ? ಆ ವಾರವೇ ನರಿಮೊಗರಿನ ಕಡೆಯವರೊಬ್ಬರು ಅಂಗಡಿಗೆ ಬಂದರು. ಹೊಸತಾಗಿ ಹಳೆಯ ಗಾಡಿ ತೆಗೆದುಕೊಂಡಿದ್ದರು.

"ಹಿಂದಿನ ಗಾಜಿನ ವೈಪರ್ ಕೊಡಿ ಅಕ್ಕ. ನಮ್ಮದು ಟಾಪ್ ಮಾಡೆಲ್. ಯಾರೋ ಕಳ್ಳ ಎತ್ತಿಕೊಂಡು ಹೋಗಿದ್ದಾನೆ."

ಹೊರಗೆ ಹೋಗಿ ನೋಡಿದೆ. ಹಿಂದಿನ ಗಾಜು ಕನ್ನಡಿಯ ಹಾಗೆ ನುಣ್ಣಗಿತ್ತು. ವೈಪರ್ ಕೂರುವ ತೂತೇ ಇಲ್ಲ.

"ಅಣ್ಣ, ಇದು ಎಲ್ಲಕ್ಕಿಂತ ಕೆಳಗಿನ ಮಾಡೆಲ್. ಇದಕ್ಕೆ ಕಂಪೆನಿಯವರು ವೈಪರೇ ಕೊಡುದಿಲ್ಲ. ನೋಡಿ, ಗಾಜಿಗೆ ತೂತೇ ಇಲ್ಲ."

ಅವರು ಬಗ್ಗಿ ನೋಡಿದರು, ಬೆರಳಿಟ್ಟು ಸವರಿದರು. ಆಮೇಲೆ ತಲೆಯ ಮೇಲೆ ಕೈ ಹೊತ್ತು ಕೂಗಿದರು: "ಅಯ್ಯೋ ದೇವರೇ, ತೂತನ್ನೂ ಬಿಡ್ಲಿಲ್ವಾ ಆ ಕಳ್ಳ!"

ಐದು ಕುರುಡು ಬಟನ್ನು

ನಾನು ನೋಡಿದ ಮೊದಲ ಗಾಡಿ ಪುತ್ತೂರಿನಲ್ಲೇ ಇತ್ತು. ಭಾವ ಕರೆಯದೇ ಬಂದು ಮುಂದಿನ ಸೀಟಿನಲ್ಲಿ ಕೂತಿದ್ದರು. ಮಾರುವವ ನನ್ನ ಮುಖವನ್ನೇ ನೋಡುವುದಿಲ್ಲ, ಎಲ್ಲ ಮಾತು ಭಾವನ ಹತ್ತಿರ. "ಸರ್, ಇದು ಫುಲ್ ಆಪ್ಶನ್. ಇದರ ಮೇಲೆ ಮಾಡೆಲೇ ಇಲ್ಲ."

"ಹಲೋ, ಈ ಕಡೆ ನೋಡಿ" ಅಂದೆ. "ದುಡ್ಡು ನನ್ನದು, ಓಡಿಸುದು ನಾನು. ಅವರು ಸುಮ್ನೆ ಗಾಳಿ ಸೇವನೆಗೆ ಬಂದವರು."

ಟಾಪ್ ಮಾಡೆಲ್ ಹೌದೋ ಅಲ್ಲವೋ ಅಂತ ತಿಳಿಯಲು ಹಿಂದೆ ಅಂಟಿಸಿದ ಅಕ್ಷರ ನೋಡಬಾರದು. ಅದು ಸ್ಟಿಕ್ಕರ್ ಅಂಗಡಿಯಲ್ಲಿ ಸಿಗುತ್ತದೆ. ಒಳಗೆ ಕೂತು ಕುರುಡು ಬಟನ್ ಲೆಕ್ಕ ಮಾಡಬೇಕು. ಮೇಲಿನ ಮಾಡೆಲಿನಲ್ಲಿ ಸ್ವಿಚ್ ಇರುವ ಜಾಗವನ್ನು ಕೆಳಗಿನ ಮಾಡೆಲಿನಲ್ಲಿ ಬರೀ ಪ್ಲಾಸ್ಟಿಕ್ ತುಂಡಿನಿಂದ ಮುಚ್ಚಿರುತ್ತಾರೆ. ಒತ್ತಿದರೆ ಒಳಗೆ ಹೋಗುವುದಿಲ್ಲ. ನಾನು ಒಂದೊಂದಾಗಿ ಒತ್ತುತ್ತಾ ಬಂದೆ. ಐದು ಸಿಕ್ಕಿತು.

"ಫುಲ್ ಆಪ್ಶನ್ ಅಂದ್ರಿ. ಇದೆಂತ, ಐದು ಖಾಲಿ?"

ಮನುಷ್ಯ ಸ್ವಲ್ಪವೂ ಅಳುಕಲಿಲ್ಲ. "ಅದಾ? ಮುಂದೆ ಕಂಪೆನಿಯವರು ಎಂತಾದ್ರೂ ಹೊಸತು ಕಂಡುಹಿಡಿದ್ರೆ ಹಾಕ್ಲಿಕ್ಕೆ ಜಾಗ ಬಿಟ್ಟದ್ದು."

ಭಾವ ನನ್ನ ಕಡೆ ತಿರುಗಿ, "ನೋಡು, ಎಷ್ಟು ಮುಂದಾಲೋಚನೆ!" ಅಂದರು.

ಬಿಸಿಯಾದಾಗ ದೊಡ್ಡದಾಗುವ ಎಂಜಿನ್ನು

ಎರಡನೆಯದು ಜಾಲ್ಸೂರಿನ ಒಬ್ಬ ಬ್ರೋಕರ್ ಹತ್ತಿರ. ಅದಕ್ಕೂ ಭಾವ ಹಾಜರು. ಆ ಗಾಡಿಗೆ ಎರಡು ಬಗೆಯ ಡೀಸೆಲ್ ಎಂಜಿನ್ ಬರುತ್ತಿತ್ತು, ಸಾವಿರದ ಐನೂರು ಸಿಸಿಯದ್ದು ಒಂದು, ಎರಡು ಸಾವಿರ ದಾಟಿದ್ದು ಇನ್ನೊಂದು. ಸಣ್ಣದು ಪೇಟೆಗೆ ಸಾಕು. ನಮ್ಮ ಚಡಾವಿಗೆ ಸಾಲದು, ಅದೂ ಅಕ್ಕಿ ಮೂಟೆ, ಅತ್ತೆ ಮತ್ತು ಸಿಲಿಂಡರ್ ಒಟ್ಟಿಗೆ ಕೂತರೆ.

"ಇದು ದೊಡ್ಡ ಎಂಜಿನ್" ಅಂತ ಬ್ರೋಕರ್ ಬಾನೆಟ್ ಎತ್ತಿ ತೋರಿಸಿದ. ಮೇಲಿನ ಪ್ಲಾಸ್ಟಿಕ್ ಮುಚ್ಚಳದಲ್ಲಿ ದೊಡ್ಡ ಎಂಜಿನ್ನಿನದ್ದೇ ನಂಬರ್ ಇತ್ತು. ಆದರೆ ಮುಚ್ಚಳ ಪಳಪಳ ಹೊಳೆಯುತ್ತಿತ್ತು, ಕೆಳಗಿನ ಎಂಜಿನ್ನಿಗೆ ಐದು ವರ್ಷದ ಧೂಳು. ಅಂಥ ಮುಚ್ಚಳ ನಾನೇ ಎಷ್ಟು ಮಾರಿಲ್ಲ!

"ಆರ್‌ಸಿ ಕೊಡಿ" ಅಂದೆ. ಕೊಡಲು ಮನಸ್ಸಿಲ್ಲ. ಕೈ ಚಾಚಿಕೊಂಡೇ ನಿಂತೆ. ಕೊನೆಗೆ ಕೊಟ್ಟ. ಅದರಲ್ಲಿ ಬರೆದದ್ದು ಸಾವಿರದ ಐನೂರು ಸಹ ಭರ್ತಿ ಇಲ್ಲ.

"ಇದಕ್ಕೆ ಎಂತ ಹೇಳ್ತೀರಿ?"

"ಅಕ್ಕ, ಅದು ರಿಜಿಸ್ಟ್ರೇಶನ್ ಮಾಡುವಾಗ ಎಂಜಿನ್ ತಣ್ಣಗಿತ್ತು. ಓಡಿ ಬಿಸಿಯಾಗ್ಲಿ, ಎರಡು ಸಾವಿರ ದಾಟ್ತದೆ."

ನಗು ತಡೆಯಲಾಗದೆ ಭಾವನ ಕಡೆ ತಿರುಗಿದೆ. ಅವರು ಗಂಭೀರವಾಗಿ ತಲೆಯಾಡಿಸುತ್ತಿದ್ದರು. "ಅದು ಹೌದು. ಕಬ್ಬಿಣ ಅಲ್ವಾ, ಬಿಸಿಗೆ ಹಿಗ್ಗುತ್ತದೆ."

ಕೆಂಪು ಪೆನ್ನು

ಮೂರನೆಯದು ಕಡಬದಲ್ಲಿ. ಆ ದಿನ ಭಾವನಿಗೆ ಒಂದು ಮದುವೆಯಿತ್ತು, ದೇವರು ದೊಡ್ಡವನು. ಗಾಡಿ ಒಬ್ಬರು ರಿಟೈರ್ಡ್ ಮಾಷ್ಟ್ರದ್ದು. ಕಣ್ಣು ಮಂಜಾಗಿದೆ, ಇನ್ನು ಓಡಿಸುವುದಿಲ್ಲ ಅಂತ ಮಾರಲು ಹೊರಟಿದ್ದರು.

"ಮೊದಲೇ ಹೇಳ್ತೇನೆ, ಇದು ಟೂ ವೀಲ್ ಡ್ರೈವ್, ಎರಡೇ ಚಕ್ರಕ್ಕೆ ಎಳೆತ. ಸಾಧಾರಣ ಮಾಡೆಲ್. ನಾನು ಸುಳ್ಳು ಹೇಳುದಿಲ್ಲ" ಅಂದರು.

ಒಳಗೆ ಕೂತು ನೋಡಿದರೆ ಗೇರಿನ ಪಕ್ಕದಲ್ಲಿ ಇನ್ನೊಂದು ಪುಟ್ಟ ಲಿವರ್! ಅದಕ್ಕೆ ಉಲ್ಲನ್ ಟೊಪ್ಪಿ ಹಾಕಿ, ಅದರಲ್ಲಿ ತರಕಾರಿ ಚೀಲ ನೇತುಹಾಕಿದ್ದರು.

"ಮಾಷ್ಟ್ರೇ, ಇದೆಂತ?"

"ಅದು ಚೀಲ ಸಿಕ್ಕಿಸ್ಲಿಕ್ಕೆ. ಹಿಂದಿನ ಓನರ್ ಮಾಡಿಸಿದ್ದು."

ನಾನು ಗೋಣಿ ಹಾಸಿ ಗಾಡಿಯ ಅಡಿಗೆ ನುಗ್ಗಿದೆ. ಎಳೆತ ಒಯ್ಯುವ ಶಾಫ್ಟ್ ಮುಂದಿನ ಚಕ್ರಕ್ಕೂ ಹೋಗಿದೆ. ಆರ್‌ಸಿಯಲ್ಲಿ ದೊಡ್ಡ ಎಂಜಿನ್. ನಾನು ಹುಡುಕುತ್ತಿದ್ದ ಗಾಡಿಯೇ! ಸುಮ್ಮನೆ ದುಡ್ಡು ಕೊಟ್ಟು ಓಡಿಬಿಡಬಹುದಿತ್ತು. ಆದರೆ ಮೋಸ ಮಾಡಿದವರನ್ನು ಬಾಯಿಗೆ ಬಂದ ಹಾಗೆ ಬೈದವಳು ನಾನೇ ಮೋಸ ಮಾಡುವುದಾ?

"ಮಾಷ್ಟ್ರೇ, ಇದು ಫೋರ್ ವೀಲ್. ರೇಟು ಇನ್ನೂ ಜಾಸ್ತಿ ಸಿಗ್ತದೆ ನಿಮಗೆ."

"ಏನಮ್ಮಾ, ಎಂಟು ವರ್ಷ ಓಡಿಸಿದವ ನಾನು. ನನಗೆ ಪಾಠ ಮಾಡ್ತೀಯಾ?"

ನಾನು ರೇಟು ಏರಿಸುತ್ತೇನೆ, ಅವರು ಇಳಿಸುತ್ತಾರೆ. ಅಂಥ ಚೌಕಾಸಿ ನಾನು ಜನ್ಮದಲ್ಲಿ ಕಂಡಿಲ್ಲ. ಕೊನೆಗೆ ಕರಾರು ಪತ್ರದಲ್ಲಿ ನಾನೇ 'ಫೋರ್ ವೀಲ್ ಡ್ರೈವ್' ಅಂತ ಬರೆದೆ. ಮಾಷ್ಟ್ರು ಜೇಬಿನಿಂದ ಕೆಂಪು ಪೆನ್ನು ತೆಗೆದು, ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ತಪ್ಪು ಗುರುತು ಹಾಕಿ, ಆಮೇಲೆ ಸಹಿ ಮಾಡಿದರು.

ಚಡಾವು

ಗಾಡಿ ಬಂದ ಮೂರನೇ ದಿನ ಭಾವ ಕೀ ತೆಗೆದುಕೊಂಡು ಹೋಗಲು ತಯಾರಾಗಿಯೇ ಬಂದರು. ಹಿಂದಿನ ರಾತ್ರಿ ಒಳ್ಳೆ ಮಳೆ ಹೊಡೆದಿತ್ತು, ಚಡಾವು ಪೂರ್ತಿ ಕೆಂಪು ಕೆಸರು. ಪಂದ್ಯಕ್ಕೆಂದು ನಾನು ಚಡಾವಿನ ಬುಡದಲ್ಲೇ ನಿಲ್ಲಿಸಿದ್ದ ಗಾಡಿಯ ಹಿಂಬದಿ ನೋಡಿದರು.

"ಮೋಸ ಹೋದೆಯಲ್ಲ ಮಾರಾಯ್ತಿ! ಫೋರ್ ಬೈ ಫೋರ್ ಅಂತ ಬರೆದೇ ಇಲ್ಲ. ನನ್ನದು ನೋಡು."

ಅವರೂ ಕಳೆದ ತಿಂಗಳು ನನ್ನನ್ನು ಕೇಳದೆ ಒಂದು ಹಳೆಯ ಗಾಡಿ ತೆಗೆದಿದ್ದರು. ಹಿಂದೆ ಗೇಣುದ್ದದ ಬೆಳ್ಳಿ ಅಕ್ಷರದಲ್ಲಿ 'ಫೋರ್ ಬೈ ಫೋರ್'.

"ಹಾಗಾದ್ರೆ ನನ್ನ ಹಿಂದೆಯೇ ಬನ್ನಿ ಭಾವ" ಅಂದೆ.

ಪುಟ್ಟ ಲಿವರ್ ಎಳೆದೆ, ಕಾಲೊತ್ತಿದೆ. ಗಾಡಿ ಒಮ್ಮೆ ಗುರ್ ಅಂದು ಸೀದಾ ಅಂಗಳಕ್ಕೆ ಬಂದು ನಿಂತಿತು. ಕಣ್ಣಲ್ಲಿ ನೀರು ಬಂತು ನನಗೆ, ಸುಳ್ಳು ಯಾಕೆ ಹೇಳಲಿ. ಇಳಿದು ನೋಡಿದರೆ ಭಾವ ಅರ್ಧದಲ್ಲಿ ಸಿಕ್ಕಿಕೊಂಡಿದ್ದಾರೆ. ಹಿಂದಿನ ಎರಡು ಚಕ್ರ ಮಾತ್ರ ತಿರುಗಿ ತಿರುಗಿ ಬೆಳ್ಳಿ ಅಕ್ಷರಕ್ಕೆಲ್ಲ ಕೆಸರು ಮೆತ್ತುತ್ತಿದೆ.

ರಿವರ್ಸಿನಲ್ಲಿ ಇಳಿದೆ, ಹಗ್ಗ ಕಟ್ಟಿದೆ, ಎಳೆದು ಮೇಲೆ ತಂದೆ. ಹಗ್ಗ ಬಿಚ್ಚಲು ಹೋದಾಗ ಭಾವ ಕಿಟಕಿ ಇಳಿಸಿಕೊಂಡು ಅಕ್ಕನ ಹತ್ತಿರ ಫೋನಿನಲ್ಲಿ ಬೊಬ್ಬೆ ಹಾಕುತ್ತಿದ್ದರು: "ನಿನ್ನ ತಂಗಿಯ ಗಾಡಿ ಎಲ್ಲಿ ಹತ್ತುದು? ನಾನು ಹಿಂದಿನಿಂದ ದೂಡಿ ದೂಡಿ ಮೇಲೆ ತಂದೆ!"

ಫೋನ್ ಕಸಿದುಕೊಂಡೆ. "ಅಕ್ಕಾ, ಯಾರು ಯಾರನ್ನು ಎಳೆದದ್ದು ಅಂತ ಇವರ ಹತ್ತಿರ ಸರಿಯಾಗಿ ಕೇಳು!"

"ಕೇಳುದೆಂತಕ್ಕೆ?" ಅಂದಳು ಅಕ್ಕ. "ದಿನಾ ಬೆಳಿಗ್ಗೆ ಅವರ ಗಾಡಿ ಸ್ಟಾರ್ಟ್ ಮಾಡ್ಲಿಕ್ಕೆ ದೂಡುವವಳು ನಾನೇ ಅಲ್ವಾ! ನಿನ್ನ ಕೀ ಕೊಡಬೇಡ. ಅವರದ್ದನ್ನೂ ಕಸಿದಿಟ್ಟುಕೋ!"