ಹಿಂದಿನ ಸೀಟಿನ ಫ್ರಾನ್ಸು

ನನ್ನ ಭಾವ ಫ್ರಾನ್ಸ್ ದೇಶವನ್ನು ಮೊದಲ ಸಲ ಸೈಕಲ್ಲಿನಲ್ಲಿ ಸುತ್ತಿದ್ದು ಅಬುಧಾಬಿಯ ಬನಿಯಾಸಿನಲ್ಲಿ, ತಮ್ಮ ಬಿಲ್ಡಿಂಗಿನ ಹಿಂದಿನ ಪಾರ್ಕಿಂಗ್ ಜಾಗದಲ್ಲಿ! ನಗಬೇಡಿ. ಅಲ್ಲಿ ಅವರಿಗೊಂದು ನದಿ ಇತ್ತು, ಸೇತುವೆ ಇತ್ತು, ಐನೂರು ವರ್ಷ ಹಳೆಯ ಅರಮನೆಯೂ ಇತ್ತು. ನದಿ ಎಂದರೆ ಸೀಮೆಸುಣ್ಣದಲ್ಲಿ ಎಳೆದ ಗೆರೆ. ಸೇತುವೆ ಎಂದರೆ ಸ್ಪೀಡ್ ಬ್ರೇಕರ್. ಅರಮನೆ ಎಂದರೆ ಮುನ್ಸಿಪಾಲಿಟಿಯ ಕಸದ ತೊಟ್ಟಿ. ಬಿಸಿಲು ಏರುವ ಮೊದಲೇ ಎದ್ದು, ತಲೆಗೆ ಹೆಲ್ಮೆಟ್ಟು, ಮೈಗೆ ಹೊಳೆಯುವ ಹಳದಿ ಜಾಕೆಟ್ಟು ಏರಿಸಿ ಭಾವ ಆ ಫ್ರಾನ್ಸನ್ನು ನಲವತ್ತು ಸುತ್ತು ಹಾಕುತ್ತಿದ್ದರು. ಬಿಲ್ಡಿಂಗಿನ ವಾಚ್‌ಮನ್ ಒಬ್ಬ ಪಠಾಣ. ಅವನು ಮೊದಲ ವಾರ ಗಾಬರಿಯಾದ, ಎರಡನೇ ವಾರ ನಕ್ಕ, ಮೂರನೇ ವಾರದಿಂದ ಪೂರ್ತಿ ಶಾಮೀಲು.

"ಸಾಬ್, ಆಜ್ ಕಹಾಂ ತಕ್ ಪಹುಂಚೇ?"

"ಎಲ್ಲಿಗೆ ಮುಟ್ಟುವುದು ಮಾರಾಯಾ! ಅರಮನೆಯನ್ನು ಈಗಷ್ಟೇ ಲಾರಿ ಎತ್ತಿಕೊಂಡು ಹೋಯಿತು."

ಭಾವ ಎಂದರೆ ನನ್ನ ಅಕ್ಕನ ಗಂಡ. ಒಂದು ಆಸ್ಪತ್ರೆಯ ಸ್ಟೋರ್ ನೋಡಿಕೊಳ್ಳುವ ಕೆಲಸ. ಹತ್ತಿ, ಬ್ಯಾಂಡೇಜು, ಸೂಜಿ ಎಲ್ಲವನ್ನೂ ಸಾಲಾಗಿ ಜೋಡಿಸಿ ಜೋಡಿಸಿ, ಬದುಕೂ ಹಾಗೆಯೇ ಸಾಲಾಗಿ ಬರಬೇಕೆಂದು ನಂಬಿರುವ ಮನುಷ್ಯ. ಅಭ್ಯಾಸ ಮಾಡಿಕೊಳ್ಳದೆ ಅವರು ಸೀನುವುದೂ ಇಲ್ಲ! ಮದುವೆಯ ಹಿಂದಿನ ದಿನ ಕರಿಮಣಿಯ ಗಂಟು ಸರಿಯಾಗಿ ಬೀಳುತ್ತದೋ ಇಲ್ಲವೋ ಎಂದು ಕಿಟಕಿಯ ಸರಳಿಗೆ ಕಟ್ಟಿ ನೋಡಿದ್ದರಂತೆ. "ಇವರಿಗೆ ಮೊದಲು ಆ ಕಿಟಕಿಯ ಜೊತೆ ಮದುವೆ ಆದದ್ದು. ನನ್ನ ಜೊತೆ ಆಮೇಲೆ" ಎಂದು ಅಕ್ಕ ಇಂದಿಗೂ ಹೇಳುತ್ತಾಳೆ.

ಇಂಥವರ ತಲೆಗೆ ಫ್ರಾನ್ಸ್ ಹೊಕ್ಕಿದ್ದು ಒಂದು ಕ್ಯಾಲೆಂಡರಿನಿಂದ. ಔಷಧಿ ಕಂಪನಿಯವರು ಕೊಟ್ಟದ್ದು. ಹನ್ನೆರಡು ತಿಂಗಳಿಗೆ ಹನ್ನೆರಡು ಚಿತ್ರ: ಲುವಾರ್ ನದಿ, ಅದರ ದಡದಲ್ಲಿ ಅರಮನೆಗಳು, ದ್ರಾಕ್ಷಿ ತೋಟ, ನಡುವೆ ಕೆಂಪು ಸೈಕಲ್ಲು. ವರ್ಷ ಮುಗಿಯಿತು, ಕ್ಯಾಲೆಂಡರ್ ಇಳಿಯಲಿಲ್ಲ. ಮೂರು ವರ್ಷ ಆ ಮನೆಯಲ್ಲಿ ಯಾವ ತಾರೀಕೂ ಸರಿ ಇರಲಿಲ್ಲ! ಕೊನೆಗೆ ಎರಡು ಸಾವಿರದ ಹದಿನೈದರ ಒಂದು ಶುಕ್ರವಾರ, ಮೀನು ಸಾರಿನ ಊಟದ ನಡುವೆ ಭಾವ ಘೋಷಿಸಿದರು: "ಈ ಸಲ ರಜೆಗೆ ಊರಿಗಲ್ಲ. ಫ್ರಾನ್ಸಿಗೆ. ಸೈಕಲ್ಲಿನಲ್ಲಿ."

ಅಕ್ಕ ಮೀನಿನ ಮುಳ್ಳು ಬಿಡಿಸುತ್ತಲೇ ಹೇಳಿದಳು. "ಆಯ್ತು. ಹೋಗಿ ಬನ್ನಿ. ನನಗೆ ಸೈಕಲ್ ಬರುದಿಲ್ಲ."

ಬೇರೆ ಯಾರಾದರೂ ಅಲ್ಲಿಗೇ ಬಿಡುತ್ತಿದ್ದರು. ಭಾವ ಬಿಟ್ಟಾರೆಯೇ? ದೇಶ ಬಿಟ್ಟು ಹೋಗುತ್ತಿದ್ದ ಒಬ್ಬ ಇಂಗ್ಲಿಷಿನವನಿಂದ ಜೋಡಿ ಸೈಕಲ್ ಒಂದನ್ನು ಕೊಂಡು ತಂದರು. ಎರಡು ಸೀಟು, ಎರಡು ಜೊತೆ ಪೆಡಲು, ಒಂದೇ ಹ್ಯಾಂಡಲ್ಲು ತಿರುಗುವಂಥದ್ದು. ಅದು ಮುಂದಿನವರದ್ದು. ಹಿಂದಿನವರಿಗೆ ಇರುವುದು ಹಿಡಿದುಕೊಳ್ಳಲು ಮಾತ್ರ. ಮೊದಲ ದಿನವೇ ಅಕ್ಕ ಬಿಸಿಲೆಂದು ಹಿಂದೆ ಕುಳಿತು ಕೊಡೆ ಬಿಡಿಸಿದಳು. ಮರುಭೂಮಿಯ ಗಾಳಿ ಕೊಡೆಗೆ ಹೊಕ್ಕಿತು. ಜೋಡಿ ಸೈಕಲ್ಲು ಹಾಯಿದೋಣಿಯಾಗಿ ಸೇತುವೆ ಹಾರಿ, ನದಿ ದಾಟಿ, ನೇರ ಅರಮನೆಗೆ ಗುದ್ದಿತು! ಪಠಾಣ ಓಡಿ ಬಂದು ಇಬ್ಬರನ್ನೂ ಕಸದ ತೊಟ್ಟಿಯ ಬುಡದಿಂದ ಬಿಡಿಸಿದ.

ಅಂದೇ ದುಬೈನ ಅಲ್ ನಹ್ದಾದಲ್ಲಿದ್ದ ನನಗೆ ಅಕ್ಕನ ಫೋನು. "ನೀನೂ ಬಾ. ಇವರು ನನ್ನನ್ನು ಅಲ್ಲಿ ಎಲ್ಲಿಯಾದರೂ ಕೆಡವಿದರೆ ಎತ್ತಲಿಕ್ಕೆ ನಮ್ಮ ಕಡೆಯವರು ಒಬ್ಬರು ಬೇಡ್ವಾ?"

ಫ್ರೆಂಚ್ ಭಾಷೆಗೂ ಅಭ್ಯಾಸ ನಡೆಯಿತು. ಬನಿಯಾಸಿನ ಸಲೂನಿನಲ್ಲಿ ಮೊರೊಕ್ಕೋ ದೇಶದ ಕ್ಷೌರಿಕನೊಬ್ಬನಿದ್ದ. ಅವನಿಗೆ ಫ್ರೆಂಚ್ ನೀರು ಕುಡಿದಷ್ಟು ಸಲೀಸು. ಮಾತು ಕಲಿಯಲು ಭಾವ ವಾರಕ್ಕೆರಡು ಸಲ ತಲೆ ಕೊಡತೊಡಗಿದರು. ಅವರ ತಲೆಯಲ್ಲಿದ್ದದ್ದೇ ಹದಿನೆಂಟು ಕೂದಲು! ಎರಡು ತಿಂಗಳಾಗುವಾಗ ಅವನೇ ಕೈಮುಗಿದು, "ಯಾ ಹಬೀಬಿ, ಖಲಾಸ್! ಕತ್ತರಿಸಲು ಏನೂ ಉಳಿದಿಲ್ಲ" ಎಂದ. ಅಷ್ಟರಲ್ಲಿ ಭಾವನ ಫ್ರೆಂಚ್ ಬಹಳ ಚೆನ್ನಾಗಿ ಕುದುರಿತ್ತು. ಆದರೆ ಕಲಿತದ್ದೆಲ್ಲ ಕ್ಷೌರದ ಫ್ರೆಂಚು!

ಇದು ಗೊತ್ತಾಗಿದ್ದು ಅಲ್ಲಿಗೆ ಹೋದ ಮೇಲೆ. ಜೂನ್ ತಿಂಗಳು. ನದಿಯ ಪಕ್ಕದ ಊರೊಂದರಲ್ಲಿ ಅವರಿಬ್ಬರಿಗೆ ಜೋಡಿ ಸೈಕಲ್ಲು, ನನಗೊಂದು ಸಾದಾ ಸೈಕಲ್ಲು ಬಾಡಿಗೆಗೆ ಹಿಡಿದು ಹೊರಟೆವು. ಎರಡನೇ ದಿನ ದಾರಿ ತಪ್ಪಿತು. ಭಾವ ಗಂಟಲು ಸರಿಪಡಿಸಿಕೊಂಡು, ಬಾಗಿಲಲ್ಲಿ ನಿಂತಿದ್ದ ಒಬ್ಬ ಅಜ್ಜಿಯ ಬಳಿ ಅರಮನೆಗೆ ದಾರಿ ಕೇಳಿದರು. ಅಜ್ಜಿ ಅವರ ತಲೆಯನ್ನು ಅನುಕಂಪದಿಂದ ನೋಡಿ, ಬಹಳ ಹೊತ್ತು ಕೈ ಬೀಸಿ ವಿವರಿಸಿದರು. "ಬಲಕ್ಕೆ ಅಂತೆ, ಆಮೇಲೆ ಎಡಕ್ಕೆ. ಎಷ್ಟು ಸುಲಭ ನೋಡು!" ಎಂದು ಭಾವ ಮುನ್ನಡೆಸಿದರು. ಬಲಕ್ಕೆ ಹೋಗಿ ಎಡಕ್ಕೆ ತಿರುಗಿದರೆ ಊರಿನ ಕ್ಷೌರದಂಗಡಿ!

ಅರಮನೆ ಕೊನೆಗೂ ಸಿಕ್ಕಿತೆನ್ನಿ. ಬಿಳಿ ಕಲ್ಲು, ನೀಲಿ ಚಾವಣಿ, ಲೆಕ್ಕವಿಲ್ಲದಷ್ಟು ಹೊಗೆಗೂಡು, ನದಿಯಲ್ಲಿ ಅದರದ್ದೇ ನೆರಳು. ಭಾವ ಬಾಯಿ ತೆರೆದು ನಿಂತರು. ಅಕ್ಕ ಸೊಂಟಕ್ಕೆ ಕೈಯಿಟ್ಟು ನೋಡಿ, "ಇದನ್ನೆಲ್ಲ ಗುಡಿಸುವುದು ಯಾರು?" ಎಂದಳು. ರಾಜ ಇಲ್ಲಿಗೆ ವರ್ಷಕ್ಕೆ ಕೆಲವೇ ದಿನ ಬರುತ್ತಿದ್ದನೆಂದು ಗೈಡ್ ಹುಡುಗಿ ಇಂಗ್ಲಿಷಿನಲ್ಲಿ ಹೇಳಿದಾಗ ಅಕ್ಕನಿಗೆ ಎಲ್ಲ ಅರ್ಥವಾಯಿತು. "ಓ, ನಮ್ಮ ಗಲ್ಫಿನವರು ಊರಿನಲ್ಲಿ ಮನೆ ಕಟ್ಟಿಸಿದ ಹಾಗೆ! ಕಟ್ಟಿಸುವುದು, ಬೀಗ ಹಾಕುವುದು, ವಾಪಸ್ ಓಡುವುದು!"

ಹೀಗೇ ನಾಲ್ಕು ದಿನ ಸಾಗಿತು. ಮುಂದೆ ಭಾವ, ಹಿಂದೆ ಅಕ್ಕ, ಅವರ ಹಿಂದೆ ನಾನು. ದಿಬ್ಬ ಬಂದಾಗ ಭಾವ, "ತುಳಿ, ತುಳಿ!" ಎನ್ನುವುದು, ಅಕ್ಕ "ತುಳಿತಾ ಇದ್ದೇನೆ, ನೀವು ಮಾತಾಡುದು ನಿಲ್ಸಿ!" ಎನ್ನುವುದು. ದಾರಿಯಲ್ಲಿ ಎದುರಾದವರೆಲ್ಲ ಕೈ ಬೀಸಿದರು. ಹಸುಗಳು ಸಹ ಮೇಯುವುದನ್ನು ನಿಲ್ಲಿಸಿ ನೋಡಿದವು. ನಾಲ್ಕನೆಯ ದಿನ ಸಂಜೆ ಒಂದು ಪುಟ್ಟ ಹಳ್ಳಿಯ ವಸತಿಗೃಹದಲ್ಲಿ ತಂಗಿದೆವು. ಅಲ್ಲಿ ಅಂಗಳದಲ್ಲಿ ಅವಲಕ್ಕಿಗೆ ಉಪ್ಪಿನಕಾಯಿ ಕಲಸುತ್ತಿದ್ದ ಅಕ್ಕನನ್ನು ನಾನು ಸುಮ್ಮನೆ ಕೇಳಿದೆ:

"ಫ್ರಾನ್ಸ್ ಹೇಗುಂಟಕ್ಕ?"

"ಲಾಯ್ಕ ಉಂಟು. ಎಡಕ್ಕೆ ನೋಡಿದರೆ ಸ್ವಲ್ಪ ನದಿ. ಬಲಕ್ಕೆ ನೋಡಿದರೆ ಸ್ವಲ್ಪ ದ್ರಾಕ್ಷಿ. ನಡುವೆ ಪೂರಾ ಇವರ ಬೆನ್ನು!"

ನಾನು ನಕ್ಕು ನಕ್ಕು ಅವಲಕ್ಕಿ ನೆತ್ತಿಗೇರಿಸಿಕೊಂಡೆ. ಅಕ್ಕನೂ ನಕ್ಕಳು. ಭಾವ ನಗಲಿಲ್ಲ. ಮಾತೂ ಆಡಲಿಲ್ಲ. ಭಾವ ಸುಮ್ಮನಿದ್ದರೆ ನಮ್ಮ ಕುಟುಂಬದಲ್ಲಿ ಡಾಕ್ಟರನ್ನು ಕರೆಯುವುದು ವಾಡಿಕೆ! ಅಕ್ಕ ತಟ್ಟೆ ತೊಳೆಯಲು ಒಳಗೆ ಹೋದಾಗ ಅವರು ನನ್ನ ಪಕ್ಕ ಬಂದು ಕುಳಿತರು.

"ಇಪ್ಪತ್ತಾರು ವರ್ಷ ಆಯ್ತು ಮಾರಾಯಾ ಅವಳನ್ನು ಕರ್ಕೊಂಡು ಬಂದು. ಅವಳ ವೀಸಾದಲ್ಲಿ ಸಹ ನನ್ನ ಹೆಸರು. ಎಲ್ಲಿಗೆ ಹೋದರೂ ನಾನೇ ಮುಂದೆ. ಇಷ್ಟು ವರ್ಷ ನಾನು ಅವಳಿಗೆ ತೋರಿಸಿದ್ದು ಇದನ್ನೇನಾ? ನನ್ನ ಬೆನ್ನು?"

ತಮಾಷೆಗೆ ಹೇಳಿದಳು ಬಿಡಿ ಭಾವ, ಎಂದೆ. ಅವರು ಬಿಡಲಿಲ್ಲ.

ಬೆಳಿಗ್ಗೆ ನಾನು ಎದ್ದು ಹೊರಗೆ ಬಂದರೆ ನನ್ನ ಸೈಕಲ್ಲಿನ ಸೀಟು ಕೆಳಗಿಳಿದಿತ್ತು. ವಸತಿಗೃಹದ ಬಾಗಿಲಿಗೇ ತಾಗಿ, ಹಳೆಯ ಕಲ್ಲಿನ ಇಗರ್ಜಿಯ ಎದುರು, ಸುತ್ತ ಮರಗಳಿದ್ದ ಒಂದು ಚೌಕ. ಅಲ್ಲಿ ಭಾವ ಆ ಸೈಕಲ್ಲನ್ನು ಹಿಡಿದು ನಿಂತಿದ್ದರು. ಅಕ್ಕ ದೂರದಲ್ಲಿ ನಿಂತಿದ್ದಳು.

"ನಿಮಗೆಂತ ಮರ್ಲಾ? ಐವತ್ತಕ್ಕೆ ಎರಡೇ ಕಡಿಮೆ ನನಗೆ! ಈಗ ಕಲಿಯುವುದಾ ಸೈಕಲ್?"

"ಕೂತ್ಕೊ ನೀನು. ನಾನು ಹಿಡಿದುಕೊಳ್ತೇನೆ."

ಕುಳಿತಳು. ಎರಡು ಮಾರು ಹೋಗಿ ಬಿದ್ದಳು. ಎದ್ದು ಮತ್ತೆ ಕುಳಿತಳು, ಈ ಸಲ ಬೆಂಚಿಗೆ ಗುದ್ದಿದಳು. ಕಬ್ಬಿಣದ ಗುಂಡುಗಳ ಆಟ ಆಡುತ್ತಿದ್ದ ಮುದುಕರು ಆಟ ನಿಲ್ಲಿಸಿದರು. ಬ್ರೆಡ್ ಕೊಂಡು ಹೋಗುತ್ತಿದ್ದ ಹೆಂಗಸೊಬ್ಬಳು ಬ್ರೆಡ್ಡನ್ನು ಕಂಕುಳಿಗೆ ಸಿಕ್ಕಿಸಿ ಬಂದು ಹ್ಯಾಂಡಲಿನ ಒಂದು ಕಡೆ ಹಿಡಿದಳು. ಅವಳು ಫ್ರೆಂಚಿನಲ್ಲಿ ಏನೋ ಹೇಳಿದಳು, ಅಕ್ಕ ತುಳುವಿನಲ್ಲಿ ಏನೋ ಹೇಳಿದಳು, ಇಬ್ಬರಿಗೂ ಸರಿಯಾಗಿ ಅರ್ಥವಾಯಿತು! ಭಾವ ಮಾತ್ರ ಸೀಟು ಬಿಡಲಿಲ್ಲ. ಬೆವರಿಳಿಸುತ್ತ, ಏದುಸಿರು ಬಿಡುತ್ತ ಅದರ ಹಿಂದೆ ಓಡಿದರು. ಒಂದು ಸುತ್ತು. ಎರಡು ಸುತ್ತು. ಮೂರನೆಯದಕ್ಕೆ ಬ್ರೆಡ್ಡಿನ ಹೆಂಗಸು ಹ್ಯಾಂಡಲು ಬಿಟ್ಟು ಪಕ್ಕಕ್ಕೆ ಸರಿದಳು. ಆರು ಸುತ್ತು.

ಏಳನೆಯ ಸುತ್ತಿನಲ್ಲಿ ನನ್ನ ಹತ್ತಿರ ಬಂದಾಗ ಮೆಲ್ಲ ಕೈ ತೆಗೆದು ನಿಂತುಬಿಟ್ಟರು. ಅಕ್ಕನಿಗೆ ಗೊತ್ತಿಲ್ಲ. ಆಕೆ ಹಿಂದೆ ಗಂಡನಿದ್ದಾನೆಂದೇ ಗದರುತ್ತ ಮುಂದೆ ಹೋಗುತ್ತಿದ್ದಾಳೆ. "ಬಿಡ್ಬೇಡಿ ಹೇಳಿದ್ದೇನೆ! ಬಿಟ್ಟರೆ ನೋಡಿ ಮತ್ತೆ! ಕೇಳ್ತಾ?" ಮರಗಳನ್ನು ಬಳಸಿ, ಇಗರ್ಜಿಯ ಮೆಟ್ಟಿಲು ದಾಟಿ, ಸುತ್ತು ಹೊಡೆದು ನಮ್ಮ ಕಡೆಗೆ ಮುಖ ತಿರುಗಿದಾಗ ಎದುರಿಗೇ ಭಾವ ಕಂಡರು.

"ನೀವು ಅಲ್ಲೆಂತ ಮಾಡ್ತಿದ್ದೀರಿ? ಹಾಗಾದರೆ ಹಿಂದೆ ಯಾರು?"

"ಯಾರೂ ಇಲ್ಲ ಮಾರಾಯ್ತಿ!" ಭಾವ ಎರಡೂ ಕೈ ಎತ್ತಿ ಕೂಗಿದರು. "ನೀನೇ ಹೋಗ್ತಾ ಇರುವುದು! ಹೋಗು, ಹೋಗು!"

ಮುದುಕರು ಚಪ್ಪಾಳೆ ತಟ್ಟಿದರು. ಅಕ್ಕ ನಮ್ಮನ್ನು ದಾಟಿ, ಚೌಕವನ್ನೂ ದಾಟಿ, ನದಿಯ ದಾರಿಗೆ ಇಳಿದೇಬಿಟ್ಟಳು. ನಿಲ್ಲಿಸುವುದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ! ಭಾವ ವಸತಿಗೃಹದ ಗೋಡೆಗೆ ಒರಗಿಸಿದ್ದ ಜೋಡಿ ಸೈಕಲ್ಲಿಗೆ ಹಾರಿದರು, ನಾನು ಹಿಂದಿನ ಸೀಟಿಗೆ. ಅವಳ ಬೆನ್ನು ಹತ್ತಿ ಹೋದೆವು. ನನ್ನ ಎದುರಿಗಿದ್ದ ಆ ಅಗಲ ಬೆನ್ನು ಅಲುಗುತ್ತಿತ್ತು. ಅದು ನಗುವೋ ಅಳುವೋ ಹಿಂದಿನಿಂದ ತಿಳಿಯುವಂತಿರಲಿಲ್ಲ.

ಮುಂದಿನಿಂದ ಅಕ್ಕನ ಕೂಗು ಬಂತು. "ಓ, ದಾರಿ ಇಷ್ಟು ಅಗಲ ಉಂಟಾ!"

ದಾರಿ ಅಗಲವೇ ಇತ್ತು. ಆದರೂ ಆ ದಿನ ಪೂರ್ತಿ ಭಾವ ಅವಳನ್ನು ಒಂದು ಸಲವೂ ಓವರ್‌ಟೇಕ್ ಮಾಡಲಿಲ್ಲ.