ನಿಲ್ಲುವವನ ಸರದಿ

ಎಡಗಾಲಿಗೆ ಜೋಮು ಹತ್ತಿದ ಮೇಲೆ, ನರಗಳ ಶಸ್ತ್ರವೈದ್ಯರನ್ನು ಕಾಣಲು ಎವಾರಿಸ್ತೋನನ್ನು ಹದಿನಾಲ್ಕು ತಿಂಗಳು ಕಾಯಿಸಿದರು. ಈ ಮಂಗಳವಾರ ತಪ್ಪಿದರೆ ಹೆಸರು ಮತ್ತೆ ಪಟ್ಟಿಯ ಬುಡಕ್ಕೆ.

ಕಮಗ್ವೇ ಊರಿನಲ್ಲಿ ಬೇರೆಯವರ ಪರವಾಗಿ ಸಾಲಿನಲ್ಲಿ ನಿಲ್ಲುವುದೇ ಅವನ ಕಸುಬು. ಬ್ರೆಡ್ಡಿಗೆ, ಕೋಳಿಗೆ, ಅಡುಗೆ ಗ್ಯಾಸಿಗೆ ನಿಂತು ನಿಂತು ಸೊಂಟ ಬಿದ್ದುಹೋಗಿತ್ತು. "ಸಿಪಾಯಿಗಳು ಯುದ್ಧದಲ್ಲಿ ಸೊಂಟ ಮುರ್ಕೋತಾರೆ. ನಾನು ಕೋಳಿ ತೊಡೆಗೋಸ್ಕರ ಮುರ್ಕೊಂಡೆ. ಅದೂ ಇನ್ನೊಬ್ಬರ ಕೋಳಿ" ಎಂದು ತಾನೇ ನಗುತ್ತಿದ್ದ.

ಬೆಳಕು ಹರಿಯುವಾಗಲೇ ಆಸ್ಪತ್ರೆಯಲ್ಲಿ ರೋಗಿಗಳು ಕಾಯುವ ಕೋಣೆ ಹೊಕ್ಕು, ಅಭ್ಯಾಸಬಲದಿಂದ ಕೂಗಿದ: "ಕೊನೆಯವರು ಯಾರು?" ಕುರ್ಚಿಗಳೆಲ್ಲ ಖಾಲಿ. ಜೀವಮಾನದಲ್ಲೇ ಮೊದಲ ಸಲ, ತನಗಾಗಿ, ಮೊದಲನೆಯವನಾಗಿದ್ದ.

ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡ ಓದಾಲಿಸ್ ಬಂದಳು. "ಕೊನೆಯವರು ಯಾರು?"

"ನಾನೇ ಅಕ್ಕ."

"ನಿನ್ನ ಹಿಂದೆ ನಾನು. ಮುಖ ನೆನಪಿಟ್ಕೋ, ಕಾಫಿ ಕುಡ್ದು ಬರ್ತೀನಿ."

ನಮ್ಮ ಸಾಲುಗಳು ನೆಲದ ಮೇಲೆ ಇರುವುದಿಲ್ಲ, ನೆನಪಿನಲ್ಲಿರುತ್ತವೆ. ಮುಂದಿನವರ ಮುಖ ಗುರುತಿಟ್ಟುಕೊಂಡು ಎಲ್ಲಿಗೆ ಬೇಕಾದರೂ ಹೋಗಬಹುದು. ಎಂಟು ಗಂಟೆಯೊಳಗೆ ಹನ್ನೊಂದು ಜನ ಬಂದರು, ಒಂಬತ್ತು ಜನ ಹೋದರು. "ಎವಾರಿಸ್ತೋ ಇದ್ದಾನಲ್ಲ, ನೋಡ್ಕೋತಾನೆ!" ಕಸುಬಿಗೆ ರಜೆ ಹಾಕಿದ ದಿನವೂ ಅವನು ಒಂಟಿಕಾಲಿನ ಕೊಕ್ಕರೆಯಂತೆ ಕುರ್ಚಿಯಿಂದ ಕುರ್ಚಿಗೆ ಕುಪ್ಪಳಿಸಿ ಊರವರ ಜಾಗ ಕಾಯ್ದ.

ಗಂಟೆ ಹನ್ನೊಂದಾದರೂ ಡಾಕ್ಟರಿಲ್ಲ. ಹೋದವರೂ ವಾಪಸ್ ಬಂದು ಎಲ್ಲರೂ ಸೇರಿ ಗಲಾಟೆ ಎಬ್ಬಿಸಿದಾಗ ನರ್ಸ್ ಮಿಗ್ದಾಲಿಯಾ ಡಾಕ್ಟರಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿಯೇ ಮಾತಾಡಿದಳು.

"ಗ್ಯಾಸ್ ಸಾಲಲ್ಲಿದ್ದೀನಮ್ಮ!" ಡಾಕ್ಟರ್ ಉರ್ಕಿಯೋಲಾ ಕಿರುಚಿದರು. "ಮನೇಲಿ ಒಲೆ ಹಚ್ಚಿ ಮೂರು ದಿನ ಆಯ್ತು. ನನ್ನಾಕೆ ಒಬ್ಬನನ್ನ ನಿಲ್ಲಿಸಿದ್ಲು. ನಿನ್ನೆ ಸಂಜೆ ನಾಲ್ಕನೇ ಜಾಗ ಹಿಡಿದೋನು ಇವತ್ತು ಪತ್ತೇನೇ ಇಲ್ಲ! ನಾನು ಹೋದ್ರೆ ಅವನ ಮುಂದಿನೋಳು, 'ನೀನ್ಯಾರಯ್ಯ? ನನ್ನ ಹಿಂದೆ ಇದ್ದೋನು ಕುಂಟ' ಅಂತ ಓಡಿಸಿದ್ಲು. ಈಗ ಎಂಬತ್ಮೂರನೆಯೋನು ನಾನು. ಎವಾರಿಸ್ತೋ ಅಂತೆ ಆ ಪುಣ್ಯಾತ್ಮ!"

ಹನ್ನೊಂದು ತಲೆಗಳು ಒಟ್ಟಿಗೆ ತಿರುಗಿದವು. ನಿನ್ನೆ ತನ್ನನ್ನು ಗ್ಯಾಸಿಗೆ ನಿಲ್ಲಿಸಿದ್ದ ಹಳದಿ ಗೇಟಿನ ಮನೆಯಾಕೆಗೆ 'ನಾಳೆ ಬರಲ್ಲ' ಎಂದು ಹೇಳಿಕಳಿಸಲು ಅವನು ಮರೆತಿದ್ದ. ಆಕೆಯ ಗಂಡ ಯಾವ ಕೆಲಸದಲ್ಲಿದ್ದಾನೆಂದು ಕೇಳಿಯೂ ಇರಲಿಲ್ಲ.

"ಏಳು, ಹೋಗಿ ಗ್ಯಾಸ್ ಸಾಲಲ್ಲಿ ನಿಂತ್ಕೋ" ಎಂದಳು ಮಿಗ್ದಾಲಿಯಾ. "ಅಲ್ಲಿ ಬೇಕಾಗಿರೋದು ನಿನ್ನ ಮುಖ. ಅರ್ಧ ಗಂಟೇಲಿ ಡಾಕ್ಟ್ರು ಇಲ್ಲಿರ್ತಾರೆ."

"ಇಲ್ಲಿ ನನ್ನ ಹೆಸರು ಕೂಗಿದಾಗ?"

"ಗೈರುಹಾಜರಿ. ಪಟ್ಟಿಯ ಕೊನೆಗೆ. ನಿಯಮ ನಾನು ಮಾಡಿದ್ದಲ್ಲಪ್ಪ."

"ನಿನ್ನ ಜಾಗ ನಾನು ಕಾಯ್ತೀನಿ ತಮ್ಮಾ" ಎಂದಳು ಓದಾಲಿಸ್. ಅವಳು ಬೆಳಿಗ್ಗೆಯಿಂದ ಮೂರು ಸಲ ಕಾಫಿಗೆ ಹೋಗಿದ್ದಳು.

"ಇಡೀ ಜಿಲ್ಲೆಗೆ ಒಬ್ಬ ಡಾಕ್ಟ್ರು, ಬಡಾವಣೆಗೆಲ್ಲ ಒಂದು ಗ್ಯಾಸ್ ಅಂಗಡಿ. ಎರಡನ್ನೂ ನಡೆಸೋಕೆ ನನ್ನ ಬೆನ್ನೊಂದೇನಾ ಸಿಕ್ಕಿದ್ದು?"

"ಲೋ, ನಮಗೂ ನೋವಿದೆ ಕಣೋ! ನಿಲ್ಲೋದೇ ನಿನ್ನ ಕಸುಬು. ಹೋಗಿ ನಿಲ್ಲೋ!" ಇಡೀ ಕೋಣೆ ಕೂಗಿತು.

ಎವಾರಿಸ್ತೋ ಜೋಮು ಹಿಡಿದ ಕಾಲನ್ನು ಎರಡೂ ಕೈಯಿಂದ ಎತ್ತಿ ಎದುರಿನ ಖಾಲಿ ಕುರ್ಚಿಯ ಮೇಲಿಟ್ಟ. ಬೆನ್ನು ಒರಗಿಸಿದ.

"ನಿಲ್ಲಲ್ಲ" ಎಂದ.