ಮುಚ್ಚಲಾಗದ ಬ್ಯಾಂಕು

ನಿವೃತ್ತರಾದ ಮೂರನೆಯ ವರ್ಷ, ಒಂದು ಸೋಮವಾರ ಬೆಳಿಗ್ಗೆ, ಗಣಿತದ ಮೇಷ್ಟ್ರು ಕಾಫಿ ಲೋಟವನ್ನು ಮೇಜಿನ ಮೇಲೆ ಕುಟ್ಟಿ ಇಟ್ಟು ಘೋಷಿಸಿದರು. "ಇನ್ನು ಮೇಲೆ ಈ ಮನೆಯ ದುಡ್ಡು ಸಕ್ಕರೆ ಡಬ್ಬಿ ಹಿಂದೆ, ದಿಂಬಿನ ಕೆಳಗೆ ಬಿದ್ದಿರಕೂಡದು. ನಮ್ಮ ಮನೆಗೇ ಒಂದು ಬ್ಯಾಂಕು ಬರುತ್ತೆ. ಅದನ್ನ ನಾನೇ ಬರೀತೀನಿ."

"ಬ್ಯಾಂಕನ್ನ ಕಟ್ತಾರೆ. ಬರೆಯೋದು ಹೇಗ್ರೀ?" ಎಂದರು ಹೆಂಡತಿ, ಸೂಜಿಗೆ ದಾರ ಪೋಣಿಸುತ್ತ.

"ಕಂಪ್ಯೂಟರಿನಲ್ಲಿ ಕಣೇ. ಪ್ರೋಗ್ರಾಂ."

ಗ್ರಂಥಾಲಯದವರು ಹಿರಿಯರಿಗೆಂದು ಪ್ರೋಗ್ರಾಂ ಬರೆಯುವುದನ್ನು ಪುಕ್ಕಟೆಯಾಗಿ ಕಲಿಸುತ್ತಿದ್ದರು. ಒಟ್ಟು ಹನ್ನೆರಡು ಪಾಠ. ಮೇಷ್ಟ್ರಿಗೆ ನಾಲ್ಕು ಮುಗಿದಿದ್ದವು. ಮಿಕ್ಕ ಎಂಟು ಪಾಠಗಳು ಮಂದಬುದ್ಧಿಯವರಿಗೆಂದು ಅವರು ಆಗಲೇ ತೀರ್ಮಾನಿಸಿದ್ದರು.

ಪಕ್ಕದಲ್ಲಿ ಪತ್ರಿಕೆ ಓದುತ್ತಿದ್ದ ಭಾವಮೈದ ತಲೆ ಎತ್ತಿದರು. ಮೂವತ್ತು ವರ್ಷ ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವರು. "ಭಾವ, ಒಂದು ಬ್ಯಾಂಕು ನಡೀಬೇಕಾದ್ರೆ ನೂರು ಜನ ಬೇಕು."

"ಅದಕ್ಕೇ ನಿಮ್ಮಲ್ಲಿ ಅಷ್ಟುದ್ದ ಸಾಲು ನಿಲ್ತಿತ್ತು. ಮೂರೇ ದಿನ ತಡ್ಕೋ."

ಮೇಷ್ಟ್ರು ಮಾತಿಗೆ ತಪ್ಪುವವರಲ್ಲ. ಶಾಲೆಯಲ್ಲಿ ಅವರ ಹೆಸರು ಕೇಳಿದರೆ ಮಕ್ಕಳು ನಡುಗುತ್ತಿದ್ದುದು ಬೆತ್ತಕ್ಕಲ್ಲ, ಕೆಂಪು ಶಾಯಿಗೆ. ಉತ್ತರ ಸರಿಯಿದ್ದರೂ ನಡುವಿನ ಹಂತಗಳನ್ನು ಬರೆಯದಿದ್ದರೆ ಸೊನ್ನೆ. "ಹಂತವಿಲ್ಲದ ಉತ್ತರ ಕದ್ದ ಉತ್ತರ" ಎಂದು ಜಗಲಿಯ ಮನೆಪಾಠದಲ್ಲಿ ಅವರು ಗುಡುಗುತ್ತಿದ್ದುದು ಅಡುಗೆಮನೆಯ ಪಾತ್ರೆಗಳಿಗೂ ಬಾಯಿಪಾಠವಾಗಿತ್ತು.

ಗುರುವಾರ ಬ್ಯಾಂಕು ಉದ್ಘಾಟನೆಯಾಯಿತು. ಖಾತೆದಾರರು ಮೂವರು: ಹೆಂಡತಿ, ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಮಗಳು, ಏಳನೆಯ ತರಗತಿಯ ಮೊಮ್ಮಗಳು ಪುಟ್ಟಿ. ಎಲ್ಲರ ಹಣವೂ ಎರಡು ಬಾಗಿಲ ಬೀರುವಿನಲ್ಲಿ, ಬಲಗಡೆಯ ಒಂದೇ ಡಬ್ಬಿಯಲ್ಲಿ. ಅದರಲ್ಲಿ ಯಾರದು ಎಷ್ಟೆಂದು ನೆನಪಿಡುವುದು ಕಂಪ್ಯೂಟರಿನ ಕೆಲಸ. ಹಾಕಿದರೆ ಕೂಡುತ್ತಿತ್ತು, ತೆಗೆದರೆ ಕಳೆಯುತ್ತಿತ್ತು. ಇದ್ದುದಕ್ಕಿಂತ ಹೆಚ್ಚು ಕೇಳಿದರೆ 'ಕ್ಷಮಿಸಿ, ನಿಮ್ಮ ಖಾತೆಯಲ್ಲಿ ಅಷ್ಟು ಹಣವಿಲ್ಲ' ಎಂದು ವಿನಯದಿಂದ ಹೇಳುತ್ತಿತ್ತು. ಮ್ಯಾನೇಜರಾದ ಮೇಷ್ಟ್ರಿಗೆ ಮಾತ್ರ ಖಾತೆ ಇರಲಿಲ್ಲ. ಮ್ಯಾನೇಜರು ನಿಯಮಕ್ಕೆ ಮೀರಿದವರು.

ಹೆಂಡತಿ ಎರಡು ವರ್ಷದಿಂದ ಕೂಡಿಟ್ಟಿದ್ದ ದುಡ್ಡನ್ನು ತಂದು ಎದುರಿಗಿಟ್ಟರು. ಪರರ ಬಟ್ಟೆಗೆ ಗುಂಡಿ ಹಾಕಿ, ಅಂಚು ಹೊಲಿದು ಗಳಿಸಿದ್ದು. ಒಂದು ಹೊಲಿಗೆ ಯಂತ್ರ ಕೊಳ್ಳಬೇಕೆಂಬುದು ಅವರ ಆಸೆ. "ಒಂದು ಚೀಟಿ ಬರೆದುಕೊಡ್ರೀ. ಯಾವತ್ತು ಎಷ್ಟು ಕೊಟ್ಟೆ ಅಂತ."

"ಕಂಪ್ಯೂಟರ್ ಇರುವಾಗ ಚೀಟಿ ಯಾಕೆ? ಕೊನೆಯ ಮೊತ್ತ ಗೊತ್ತಿದ್ರೆ ಸಾಕು."

ಹೆಂಡತಿ ಗಂಡನ ಮುಖವನ್ನೇ ಒಂದು ಕ್ಷಣ ನೋಡಿದರು. ಬಟ್ಟೆ ಮಡಿಸಲು ಬೀರುವಿನತ್ತ ಹೋದರು.

ಶುಕ್ರವಾರ ಮೇಷ್ಟ್ರಿಗೊಂದು ರಹಸ್ಯ ತಿಳಿಯಿತು. ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿದರೆ ಬ್ಯಾಂಕಿಗೆ ಪೂರ್ವಜನ್ಮದ ಸ್ಮರಣೆಯೇ ಇರುತ್ತಿರಲಿಲ್ಲ. ಎಲ್ಲರ ಖಾತೆಯಲ್ಲೂ ಸೊನ್ನೆ. ಮೊತ್ತಗಳನ್ನು ಉಳಿಸಿಡುವ ವಿದ್ಯೆ ಒಂಬತ್ತನೆಯ ಪಾಠದಲ್ಲಿತ್ತು. ನೆನಪಿದ್ದುದನ್ನು ಗುಟ್ಟಾಗಿ ಮತ್ತೆ ತುಂಬಿಸಿದ ಮೇಷ್ಟ್ರು, ಒಂಬತ್ತನೆಯ ಪಾಠ ಕಲಿಯುವುದಕ್ಕಿಂತ ಸುಲಭವಾದ ದಾರಿ ಹಿಡಿದರು. ಬ್ಯಾಂಕನ್ನು ಮುಚ್ಚುವುದೇ ಬೇಡ.

ಅಂದಿನಿಂದ ಮನೆಯಲ್ಲಿ ತುರ್ತು ಪರಿಸ್ಥಿತಿ ಜಾರಿಗೆ ಬಂತು. ಕಂಪ್ಯೂಟರಿನ ಮೇಲೆ 'ಮುಟ್ಟಬಾರದು' ಎಂಬ ಫಲಕ ಏರಿತು. ಇಸ್ತ್ರಿಪೆಟ್ಟಿಗೆ ಹಾಕಿದರೆ ಫ್ಯೂಸ್ ಹಾರೀತೆಂದು ಮಗಳು ಮುದುರಿದ ಸಮವಸ್ತ್ರದಲ್ಲೇ ಆಸ್ಪತ್ರೆಗೆ ಹೋದಳು. ಮಿಕ್ಸಿಗೂ ನಿಷೇಧ ಬಿತ್ತು.

"ಒಂದು ಬ್ಯಾಂಕು ಸಾಕೋದಕ್ಕಿಂತ ಆನೆ ಸಾಕೋದು ಸಲೀಸು," ಎಂದರು ಹೆಂಡತಿ, ಒರಳುಕಲ್ಲನ್ನು ಎಳೆದುಕೊಳ್ಳುತ್ತ.

"ಭದ್ರತೆಗೆ ಬೆಲೆ ತೆರಬೇಕು," ಎಂದರು ಮ್ಯಾನೇಜರು.

ಒಂಬತ್ತು ದಿನ ಹೀಗೆ ಕಳೆದು, ಭಾನುವಾರ ಬಂತು. ಹತ್ತು ಗಂಟೆಗೆ ಹೊಲಿಗೆ ಯಂತ್ರದ ವ್ಯಾಪಾರಿ ತಳ್ಳುಗಾಡಿಯಲ್ಲಿ ಯಂತ್ರವನ್ನು ಬಾಗಿಲಿಗೇ ತಂದ. ಹಳೆಯದಾದರೂ ಗಟ್ಟಿಮುಟ್ಟಾದ ಯಂತ್ರ, ಎಂಟೂವರೆ ಸಾವಿರ. "ಅಮ್ಮಾ, ಪಕ್ಕದ ಬೀದಿಯವರೂ ಇದನ್ನೇ ಕೇಳ್ತಿದ್ದಾರೆ. ಹನ್ನೊಂದರವರೆಗೆ ಕಾಯ್ತೀನಿ, ಅಷ್ಟೇ."

ಮೇಷ್ಟ್ರು ಮೊಮ್ಮಗಳೊಡನೆ ಅಂಗಳಕ್ಕಿಳಿದು ಯಂತ್ರದ ಚಕ್ರ ತಿರುಗಿಸಿ ಪರೀಕ್ಷಿಸಿದರು. ಬಳಿಕ ಎಲ್ಲರನ್ನೂ ಕೋಣೆಗೆ ಕರೆದು, ಅಂಗಿಯ ತೋಳು ಮಡಿಸಿ, ಕುರ್ಚಿಯಲ್ಲಿ ಕುಳಿತರು. ಪರದೆ ಕಪ್ಪಗಿತ್ತು.

"ಯಾರು ಮುಟ್ಟಿದ್ದು?"

"ನಾನೇ ಆರಿಸಿದೆ ಭಾವ," ಎಂದರು ಭಾವಮೈದ, ಏನೋ ಉಪಕಾರ ಮಾಡಿದವರಂತೆ. "ಕೋಣೆಯಲ್ಲಿ ಯಾರೂ ಇರಲಿಲ್ಲ. ಮೂವತ್ತು ವರ್ಷದ ಅಭ್ಯಾಸ. ಬ್ಯಾಂಕಿನಿಂದ ಎದ್ದು ಹೋಗುವಾಗ ಸ್ವಿಚ್ ಆರಿಸದೆ ಹೋದವನೇ ಅಲ್ಲ ನಾನು."

ಮೇಷ್ಟ್ರು ಕಂಪ್ಯೂಟರ್ ಹಚ್ಚಿ, ಹೆಂಡತಿಯ ಖಾತೆ ತೆರೆದು, ದೇವರ ಮೇಲೆ ಭಾರ ಹಾಕಿ 'ಎಂಟು ಸಾವಿರದ ಐನೂರು' ಕೇಳಿದರು. ಪರದೆ ವಿನಯದಿಂದ ಹೇಳಿತು: ಕ್ಷಮಿಸಿ, ನಿಮ್ಮ ಖಾತೆಯಲ್ಲಿ ಅಷ್ಟು ಹಣವಿಲ್ಲ.

"ಎಷ್ಟಿದೆಯಂತೆ?" ಎಂದರು ಹೆಂಡತಿ.

"ಸದ್ಯಕ್ಕೆ... ಸೊನ್ನೆ."

ಡಬ್ಬಿಯನ್ನು ನೆಲಕ್ಕೆ ಸುರಿದು ಎಣಿಸಿದರೆ ಹನ್ನೊಂದು ಸಾವಿರದ ಐನೂರ ಎಪ್ಪತ್ತು. ಅದರಲ್ಲಿ ಯಾರದು ಎಷ್ಟು? ಹೆಂಡತಿ ಎಂಟೂವರೆ ಎಂದರು. ಆಸ್ಪತ್ರೆಯಿಂದ ಮಗಳು ಫೋನಿನಲ್ಲಿ, "ಮೂರೋ ಮೂರೂವರೆಯೋ ಅಪ್ಪ, ಕಂಪ್ಯೂಟರ್ ನೋಡ್ಕೊಳುತ್ತೆ ಅಂದಿದ್ರಲ್ಲ" ಎಂದಳು. ಪುಟ್ಟಿ ಕಣ್ಣು ಮಿಟುಕಿಸದೆ, "ನಂದು ಎರಡು ಸಾವಿರ ತಾತ," ಎಂದಳು.

"ಎರಡು ಸಾವಿರವೇ? ಎಲ್ಲಿಂದ ಬಂತೇ?"

"ಅಂದಾಜು ಹೇಳಿದೆ."

"ಖಾತೆದಾರರ ನಡುವೆ ವಿವಾದ ಇರುವಾಗ ಹಣ ಕೊಡೋದು ನ್ಯಾಯವಲ್ಲ," ಎಂದು ಮೇಷ್ಟ್ರು ಹಣೆ ಒರೆಸಿಕೊಂಡರು.

"ಸರಿಯಾದ ಮಾತು ಭಾವ. ಈಗ ಜನ ಬಂದು ಕಲ್ಲು ಹೊಡೀತಾರೆ. ನಮ್ಮ ಬ್ಯಾಂಕಿನಲ್ಲಿ ಹೀಗಾದಾಗ ನಾವು ಹಿಂಬಾಗಿಲಿಂದ ಹೋಗ್ತಿದ್ವಿ," ಎಂದರು ಭಾವಮೈದ.

ಹೊರಗೆ ವ್ಯಾಪಾರಿ ಕೆಮ್ಮಿದ. "ಅಮ್ಮಾ, ಹನ್ನೊಂದಾಗ್ತಾ ಬಂತು."

ಹೆಂಡತಿ ಎದ್ದರು. ಬೀರುವಿನ ಎಡಬಾಗಿಲನ್ನು ತೆರೆದರು. ಅಲ್ಲಿದ್ದುದು ಅವರ ಬಟ್ಟೆಗಳು. ಮದುವೆಯಾದಂದಿನಿಂದ ಮೇಷ್ಟ್ರು ಆ ಬಾಗಿಲಿಗೆ ಕೈ ಹಚ್ಚಿದವರಲ್ಲ. ಬಾಗಿಲ ಒಳಮೈಯ ತುಂಬ, ಅಳತೆ ಗುರುತಿಸುವ ಸೀಮೆಸುಣ್ಣದಲ್ಲಿ, ಗುಂಡಗಿನ ಅಕ್ಷರದಲ್ಲಿ, ಸಾಲು ಸಾಲಾಗಿ ಲೆಕ್ಕ. ಯಾವ ದಿನ, ಯಾರು, ಹಾಕಿದ್ದೆಷ್ಟು, ತೆಗೆದದ್ದೆಷ್ಟು, ಉಳಿದದ್ದೆಷ್ಟು. ಮೇಷ್ಟ್ರು ಡಬ್ಬಿ ತೆರೆದಾಗಲೆಲ್ಲ ಅವರು ಬಟ್ಟೆ ಮಡಿಸುವ ನೆಪದಲ್ಲಿ ಪಕ್ಕದಲ್ಲೇ ನಿಲ್ಲುತ್ತಿದ್ದುದು ಇದಕ್ಕೆ.

ತಮ್ಮದು ಎಂಟು ಸಾವಿರದ ಐನೂರು. ಮಗಳದು ಮೂರು ಸಾವಿರ. ಪುಟ್ಟಿಯದು ನಾನೂರ ಇಪ್ಪತ್ತು.

ಭಾವಮೈದ ಬಾಯಲ್ಲೇ ಕೂಡಿದರು. "ಹನ್ನೊಂದು ಸಾವಿರದ ಒಂಬೈನೂರ ಇಪ್ಪತ್ತು. ಡಬ್ಬಿಯಲ್ಲಿ ಮುನ್ನೂರ ಐವತ್ತು ಕಮ್ಮಿ ಇದೆಯಲ್ಲ ಅಕ್ಕ?"

"ಕೆಳಗೆ ನೋಡೋ."

ಬಾಗಿಲ ಬುಡದಲ್ಲಿ ಇನ್ನೆರಡು ಸಾಲುಗಳಿದ್ದವು. 'ಮಂಗಳವಾರ, ಮ್ಯಾನೇಜರು, ಇನ್ನೂರು. ಶನಿವಾರ, ಮ್ಯಾನೇಜರು, ನೂರ ಐವತ್ತು.' ಗ್ರಂಥಾಲಯದ ಗೆಳೆಯರಿಗೆ ಕಾಫಿ ಕೊಡಿಸಿ ತಮ್ಮ ಬ್ಯಾಂಕನ್ನು ವರ್ಣಿಸಿದ ಖರ್ಚು. ಮೇಷ್ಟ್ರು ನೆಲ ನೋಡಿದರು. ಪುಟ್ಟಿ ತಾತನ ಬೆನ್ನು ಸವರಿದಳು.

ಹನ್ನೊಂದಕ್ಕೆ ಎರಡು ನಿಮಿಷ ಇರುವಾಗ ಯಂತ್ರ ಮನೆಯೊಳಗೆ ಬಂತು. ಹೆಂಡತಿ ಅದರ ಮುಂದೆ ಕುಳಿತು, ದಾರ ಪೋಣಿಸಿ, ಚಕ್ರದ ಮೇಲೆ ಮೆಲ್ಲಗೆ ಕೈಯಿಟ್ಟರು. ಮೇಷ್ಟ್ರು ಹತ್ತಿರ ಹೋಗಿ ಗಂಟಲು ಸರಿಮಾಡಿಕೊಂಡರು.

"ಅಲ್ಲಾ ಕಣೇ, ಪ್ರೋಗ್ರಾಮಿನಲ್ಲಿ ಕೂಡೋದು ಸರಿಯಿತ್ತು, ಕಳೆಯೋದೂ ಸರಿಯಿತ್ತು. ಆದ್ರೂ ಅದ್ಯಾಕೆ ಎಲ್ಲಕ್ಕೂ ಸೊನ್ನೆ ಕೊಡ್ತು ಅಂತ?"

"ಉತ್ತರ ಮಾತ್ರ ಇಟ್ಕೊಂಡಿತ್ತಲ್ರೀ, ಹಂತ ಬರೆದಿರಲಿಲ್ಲ," ಎಂದರು ಹೆಂಡತಿ, ಯಂತ್ರದಿಂದ ಕಣ್ಣು ತೆಗೆಯದೆ. "ನಿಮ್ಮ ಶಿಷ್ಯ ತಾನೇ? ಸರಿಯಾಗೇ ತಿದ್ದಿದೆ."